ಹುಲಿಯ ಮೈಮೇಲಿನ ಸಹಿ

ಮನುಷ್ಯನಿಗೆ ಹೆಬ್ಬೆರಳಿನ ಗುರುತು ಹೇಗೋ ಹುಲಿಗೆ ಮೈಮೇಲಿನ ಪಟ್ಟೆ ಹಾಗೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಅಷ್ಟೇಕೆ, ಒಂದೇ ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗೆ ಹೊಂದದು! ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಂದ ಕೊಡಗಿನವರೆಗೆ ಹಬ್ಬಿರುವ ನಾಗರಹೊಳೆಯ ಕಾಡಿನಲ್ಲಿ ಈ ಸಹಿಯನ್ನು ಓದುವ ಕೆಲಸ ಮೊದಲಾಗಿ ಮೂರು ದಶಕಗಳು ಕಳೆದಿವೆ.

ಹೆಜ್ಜೆಯಿಂದ ಪಟ್ಟೆಗೆ

ಹಿಂದೆ ನಮ್ಮ ದೇಶದಲ್ಲಿ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸುತ್ತಿದ್ದರು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆಯಾಗಿ, ಮರಳಿನಲ್ಲಿ ಇನ್ನೊಂದು ಬಗೆಯಾಗಿ ಮೂಡುವುದುಂಟು. ಇಂತಹ ಲೆಕ್ಕವನ್ನು ನಂಬಿ ಕುಳಿತುದರ ಫಲ ರಾಜಸ್ಥಾನದ ಸಾರಿಸ್ಕಾದಲ್ಲಿ ಕಂಡುಬಂದಿತು. ಕಡತದಲ್ಲಿ ಹುಲಿಗಳಿದ್ದುವು, 2005ರಲ್ಲಿ ಹುಡುಕಿದಾಗ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ.

ಅದಕ್ಕೂ ಬಹು ಮೊದಲೇ, 1990ರ ದಶಕದ ಆರಂಭದಲ್ಲಿ, ಶಿವರಾಮ ಕಾರಂತರ ಪುತ್ರರಾದ ಡಾ. ಉಲ್ಲಾಸ ಕಾರಂತರು ನಾಗರಹೊಳೆಯ ಹಾದಿಗಳಲ್ಲಿ ಕ್ಯಾಮರಾಗಳನ್ನು ಹೂಡಿದರು. ಹಾದಿಯ ಎರಡು ಬದಿಗೂ ಒಂದೊಂದು ಕ್ಯಾಮರಾ. ಪ್ರಾಣಿ ನಡುವೆ ಹಾದುಹೋದೊಡನೆ ಎರಡು ಮಗ್ಗುಲುಗಳ ಚಿತ್ರವೂ ತಾನಾಗಿ ಮೂಡುವುದು. ಮೊದಲ ಸಲ ಕಂಡ ಹುಲಿಗಳಲ್ಲಿ ಎಷ್ಟು ಮತ್ತೆ ಮತ್ತೆ ಕಾಣಿಸಿಕೊಂಡುವು ಎಂಬುದರಿಂದ, ಕಣ್ಣಿಗೆ ಬೀಳದೆ ಉಳಿದವು ಎಷ್ಟಿರಬಹುದೆಂದು ಗಣಿತದ ಮೂಲಕ ಅಂದಾಜು ಮಾಡುವರು. ಈ ವಿಧಾನವನ್ನು ಕಾರಂತರು 1995ರಲ್ಲಿ ಪ್ರಕಟಿಸಿದರು. ಇಲ್ಲಿ ಎಲ್ಲವೂ ನಿಂತಿರುವುದು ಗುರುತಿಸುವ ಕಣ್ಣಿನ ಮೇಲೆ. ಒಂದೇ ಹುಲಿಯನ್ನು ಎರಡೆಂದು ಬರೆದುಕೊಂಡರೆ ಇಲ್ಲದ ಹುಲಿಯೊಂದು ಲೆಕ್ಕದಲ್ಲಿ ಹುಟ್ಟಿಕೊಳ್ಳುವುದು.

ಕಾಡಿನಷ್ಟೇ ದಟ್ಟವಾದ ಚಿತ್ರರಾಶಿ

ಈಗ ಈ ವಿಧಾನ ದೇಶದ ಎಲ್ಲ ಹುಲಿಕಾಡುಗಳಿಗೂ ಹಬ್ಬಿದೆ. 2018ರ ಗಣತಿಗಾಗಿ 26,838 ಕಡೆಗಳಲ್ಲಿ ಕ್ಯಾಮರಾಗಳನ್ನಿಟ್ಟು ತೆಗೆದ ಚಿತ್ರಗಳು ಸುಮಾರು 3 ಕೋಟಿ 48 ಲಕ್ಷ. ಅವುಗಳಲ್ಲಿ ಹುಲಿಯಿದ್ದುದು 76,651ರಲ್ಲಿ ಮಾತ್ರ. ಎಂದರೆ ಸುಮಾರು 450 ಚಿತ್ರಗಳಿಗೊಂದು! ಉಳಿದವನ್ನೂ ನೋಡಿ ಬೇರ್ಪಡಿಸದೆ ಆ ಒಂದು ಸಿಕ್ಕುವುದಾದರೂ ಹೇಗೆ? ಕಂಪ್ಯೂಟರು ಈ ಹೊರೆಯನ್ನು ಬಹಳಷ್ಟು ಇಳಿಸಿದೆ. ಪಟ್ಟೆಗಳನ್ನು ಹೋಲಿಸಿ ‘ಇದು ಅದಾಗಿರಬಹುದು’ ಎಂದು ಅದು ಸೂಚಿಸುವುದು. ‘ಹೌದು, ಅದೇ’ ಎಂಬ ಕೊನೆಯ ತೀರ್ಮಾನ ಮನುಷ್ಯನದು.

ಟಾಂಜಾನಿಯದ ಸೆರೆಂಗೆಟಿಯಲ್ಲಿ ಈ ಹೊರೆಯನ್ನು ಲೋಕಕ್ಕೇ ಹಂಚಿದರು. 2010ರಿಂದ ಅಲ್ಲಿ 225 ಕ್ಯಾಮರಾಗಳನ್ನು ಇಟ್ಟಿದ್ದರು. 2012ರಲ್ಲಿ ಚಿತ್ರಗಳನ್ನು ಅಂತರಜಾಲದಲ್ಲಿ ಸಾರ್ವಜನಿಕರ ಮುಂದಿಟ್ಟಾಗ 28,000ಕ್ಕೂ ಹೆಚ್ಚು ಸ್ವಯಂಸೇವಕರು ಮುಂದೆ ಬಂದರು. ಇವರು ವಿಜ್ಞಾನಿಗಳಲ್ಲ. ಒಬ್ಬೊಬ್ಬರು ತಪ್ಪಬಹುದು, ಆದುದರಿಂದ ಒಂದೊಂದು ಚಿತ್ರವನ್ನೂ ಹಲವರಿಗೆ ತೋರಿಸಿ, ಬಹುಮತದ ಉತ್ತರವನ್ನು ಹಿಡಿದರು. ತಜ್ಞರ ಉತ್ತರದೊಡನೆ ತಾಳೆ ನೋಡಿದಾಗ ಅದು ನೂರಕ್ಕೆ ಸುಮಾರು 97ರಷ್ಟು ಸರಿಯಾಗಿತ್ತು. ಕೃಷ್ಣರಾಜನಗರದ ಗದ್ದೆಬಯಲಿನ ಮನೆಯೊಂದರಲ್ಲಿ ಕುಳಿತ ಕಾಲೇಜು ಹುಡುಗಿಯೂ ಇಂದು ಇಂತಹ ಕೆಲಸಕ್ಕೆ ಕೈಜೋಡಿಸಬಹುದು.

ನಾಗರಹೊಳೆಯ ಸ್ವಯಂಸೇವಕರ ಪರಂಪರೆ ಇನ್ನೂ ಹಳೆಯದು. ಬೆಂಗಳೂರು, ಮೈಸೂರುಗಳ ಉದ್ಯೋಗಸ್ಥರೂ ವಿದ್ಯಾರ್ಥಿಗಳೂ ತರಬೇತಿ ಪಡೆದು, ನಸುಕಿನಲ್ಲೆದ್ದು, ಕಾಡಿನ ಸೀಳುದಾರಿಗಳಲ್ಲಿ ನಡೆದು ಜಿಂಕೆ, ಕಡವೆ, ಕಾಟಿಗಳನ್ನು ಎಣಿಸಿದ್ದಾರೆ. ಅಲ್ಲಿಯೂ ಬೇಕಾದುದು ಪಳಗಿದ ಕಣ್ಣು. ಕಾಡುಕುರಿಗೂ ಕೊಂಡುಕುರಿಗೂ ಮೊದಲ ನೋಟಕ್ಕೆ ಭೇದ ತಿಳಿಯದು. ಕಾಡುಕುರಿಯ ಮುಖದ ಮೇಲೆ ಕಪ್ಪು ಗೆರೆಗಳಿರುವುವು. ಕೊಂಡುಕುರಿಯ ಕಾಲಿನ ಮುಂಬದಿಯಲ್ಲಿ ಕಪ್ಪು ಪಟ್ಟೆಯಿರುವುದು. ಇಂತಹ ಸಣ್ಣ ಸಂಗತಿಗಳೇ ಈ ವಿದ್ಯೆಯ ಅಕ್ಷರಮಾಲೆ.

ಯಾವ ಹುಲಿ?

ಇದರಿಂದೇನು ಪ್ರಯೋಜನವೆಂದು ಕೇಳುವವರು ಹೆಗ್ಗಡದೇವನಕೋಟೆಯ ಕಾಡಂಚಿನ ರೈತನನ್ನು ನೆನೆಯಬೇಕು. 2022ರ ಅಂದಾಜಿನಂತೆ ನಾಗರಹೊಳೆಯಲ್ಲಿ 141 ಹುಲಿಗಳಿದ್ದುವು. ಹಟ್ಟಿಯ ಹಸು ಸತ್ತಾಗ, ಅದಕ್ಕೂ ಮಿಗಿಲಾಗಿ ಮನುಷ್ಯನ ಪ್ರಾಣ ಹೋದಾಗ, ಮೊದಲ ಪ್ರಶ್ನೆ ‘ಯಾವ ಹುಲಿ?’ ಎಂಬುದೇ. ಕ್ಯಾಮರಾಗಳನ್ನು ಇಟ್ಟು, ಹಳೆಯ ಚಿತ್ರಗಳೊಡನೆ ಪಟ್ಟೆ ಹೋಲಿಸುವರು. ಗುರುತು ತಪ್ಪಿದರೆ ನಿರಪರಾಧಿಯಾದ ಹುಲಿ ಬೋನಿಗೆ ಬೀಳುವುದು. ಅಪರಾಧಿ ಹೊಲದ ಬದುವಿನಲ್ಲೇ ಉಳಿಯುವುದು.

ಪಟ್ಟೆ ಹುಲಿಯ ಪ್ರಯಾಣವನ್ನೂ ತಿಳಿಸುವುದು. 2011ರ ಮೇ ತಿಂಗಳಲ್ಲಿ ಶಿಕಾರಿಪುರ ತಾಲ್ಲೂಕಿನ ಗಾಮ ಗ್ರಾಮದಲ್ಲಿ ಹುಲಿಯೊಂದನ್ನು ಹಿಡಿದರು. ಚಿತ್ರಗಳನ್ನು ಹೋಲಿಸಿ ನೋಡಿದರೆ, ಅದು 2010ರಲ್ಲಿ ಬಂಡೀಪುರದ ಕ್ಯಾಮರಾಕ್ಕೆ ಸಿಕ್ಕಿದ್ದ ಹುಲಿ! ಸುಮಾರು 280 ಕಿಲೋಮೀಟರು ದೂರ ಅದು ಊರು, ಹೊಲ, ರಸ್ತೆಗಳನ್ನು ದಾಟಿ ಬಂದಿತ್ತು. ಕಾಡು ಕಾಡಿಗೆ ನಡುವೆ ಹಾದಿಯಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಬಿಡುವಿನ ವೇಳೆಯಲ್ಲಿ ಈ ಕೆಲಸಕ್ಕೆ ಇಳಿಯಬಯಸುವವರು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ನೂರಾರು ಚಿತ್ರಗಳಲ್ಲಿ ಬರೀ ಹುಲ್ಲು ಅಲುಗಿರುವುದು, ಇಲ್ಲವೇ ಹಸುವೊಂದು ಹಾದುಹೋಗಿರುವುದು. ಅದನ್ನೂ ಇದ್ದಂತೆಯೇ ಬರೆಯಬೇಕು. ತಿಳಿಯದಿದ್ದರೆ ತಿಳಿಯದೆಂದೇ ಬರೆಯಬೇಕು. ಹುಲಿಯನ್ನು ಕಾಣುವ ಆಸೆಯಿಂದ ನೆರಳನ್ನು ಹುಲಿಯೆಂದವನಿಗಿಂತ, ಖಾಲಿ ಚಿತ್ರವನ್ನು ಖಾಲಿಯೆಂದವನಿಂದಲೇ ಕಾಡಿಗೆ ಹೆಚ್ಚು ಉಪಕಾರ.