ಮುಂದಣ ದೀಪ, ಹಿಂದಣ ದೀಪ

ಖಾಸಗಿ ಕಾರೊಂದಕ್ಕೆ 15 ವರ್ಷ ತುಂಬಿದ ಮೇಲೆ ಅದರ ನೋಂದಣಿಯನ್ನು ನವೀಕರಿಸತಕ್ಕದ್ದೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸಿದೆಯಾಗಿ, ನವೀಕರಣಕ್ಕಾಗಿ ಸಾರಿಗೆ ಕಚೇರಿಯ ತಪಾಸಣೆಗೆ ವಾಹನವನ್ನು ಒಯ್ಯಬೇಕಾದ ದಿನ ಸಮೀಪಿಸಿದಾಗ ಮಾತ್ರ ಅದರ ದೀಪಗಳ ಕಡೆಗೆ ದೃಷ್ಟಿ ಹರಿಸುವ ಮಾಲೀಕರು ನಮ್ಮಲ್ಲಿ ಬಹುಮಂದಿ. 1994ರಲ್ಲಿ ಬಂದ ಮಾರುತಿ ಎಸ್ಟೀಮ್, 1998ರ ಹೋಂಡಾ ಸಿಟಿ, ಅದರ ಮರುವರ್ಷದ ಹ್ಯುಂಡೈ ಆಕ್ಸೆಂಟ್, 2014ರಲ್ಲಿ ತಯಾರಿಕೆ ನಿಂತರೂ ಅಲ್ಲಲ್ಲಿ ಇನ್ನೂ ಓಡಾಡುತ್ತಿರುವ ಅಂಬಾಸಿಡರ್ ಮೊದಲಾದ ಹಳೆಯ ಸೆಡಾನುಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರು ಎಂಜಿನ್ನಿನ ಸಣ್ಣ ಕೆಮ್ಮನ್ನೂ ಕೇಳಿ ಕಳವಳಗೊಳ್ಳುವರು. ಆದರೆ ದೀಪದ ಮಂಕು ಅವರ ಗಮನಕ್ಕೆ ಬರುವುದೇ ಅಪೂರ್ವ. ಎಂಜಿನ್ನು ಕೆಟ್ಟರೆ ಕಾರು ನಿಲ್ಲುತ್ತದೆ. ದೀಪ ಮಂಕಾದರೆ ಕಾರು ಓಡುತ್ತಲೇ ಇರುತ್ತದೆ. ಕಣ್ಣು ಆ ಕೊರತೆಗೆ ದಿನದಿನವೂ ಒಗ್ಗಿಕೊಳ್ಳುತ್ತ ಹೋಗುತ್ತದೆ. ಕೊನೆಗೊಮ್ಮೆ ಮಾಲೀಕನು ತನಗೇ ವಯಸ್ಸಾಯಿತೇನೋ ಎಂದು ಕನ್ನಡಕದ ಅಂಗಡಿಗೆ ಹೋಗುವುದೂ ಉಂಟು.

ಮಂಕಿಗೆ ಮದ್ದೆಂದು ಎಲ್ಲರೂ ಮೊದಲು ಮಾಡುವುದು ಬಲ್ಬಿನ ಬದಲಾವಣೆ. ಆದರೆ ಬಲ್ಬೆಂಬುದು ಬಹುಮಟ್ಟಿಗೆ ಇರುವಷ್ಟು ದಿನ ಉರಿದು ಒಮ್ಮೆಗೇ ಆರಿಹೋಗುವ ವಸ್ತುವೇ ಹೊರತು ವರ್ಷಾನುವರ್ಷ ಕ್ಷೀಣಿಸುತ್ತ ಬರುವಂಥದಲ್ಲ. ಹಾಗೆ ಕ್ಷೀಣಿಸುವುದು ಬ್ಯಾಟರಿಯಿಂದ ಬಲ್ಬಿಗೂ ಬಲ್ಬಿನಿಂದ ಮರಳಿ ಬ್ಯಾಟರಿಗೂ ವಿದ್ಯುತ್ತು ನಡೆಯಬೇಕಾದ ದಾರಿ. ಬ್ಯಾಟರಿಯಿಂದ ಹೊರಟ ಪ್ರವಾಹವು ಫ್ಯೂಸನ್ನು ಹಾಯ್ದು, ಸ್ಟಿಯರಿಂಗಿನ ಪಕ್ಕದ ಸ್ವಿಚ್ಚಿನೊಳಗಿನ ಪುಟ್ಟ ತಾಮ್ರದ ತುದಿಗಳನ್ನು ದಾಟಿ, ಕಪ್ಲರುಗಳ ಸಂದುಗಳಲ್ಲಿ ನುಸುಳಿ, ಬಲ್ಬಿನ ಹಿಂಬದಿಯ ಹೋಲ್ಡರನ್ನು ಸೇರುವಷ್ಟರಲ್ಲಿ, ಹಳೆಯ ಕಾಲುವೆಯ ಬಾಯಲ್ಲಿ ತುಂಬಿ ಹರಿದ ನೀರು ಕೊನೆಯ ಹೊಲವನ್ನು ಮುಟ್ಟುವಾಗ ಎಷ್ಟು ಉಳಿದಿರುವುದೋ ಅಷ್ಟೇ ಉಳಿದಿರುತ್ತದೆ ಅದರ ಒತ್ತಡ. ಒಂದೊಂದು ಸಂದಿನ ಕಿಲುಬೂ ತನ್ನ ಪಾಲನ್ನು ಕಸಿದುಕೊಂಡಿರುತ್ತದೆ. 55 ವಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಪ್ರವಾಹವನ್ನು ಎಳೆಯುವುದರಿಂದ, ಎರಡಕ್ಕೂ ಸಮಾನವಾದ ದಾರಿಯಲ್ಲಿ ಒಂದು ಓಮಿನ ಹತ್ತನೆಯ ಒಂದು ಭಾಗದಷ್ಟು ರೋಧ ಸೇರಿಕೊಂಡರೂ ಹೆಚ್ಚುಕಡಮೆ 1 ವೋಲ್ಟು ನಡುದಾರಿಯಲ್ಲಿಯೇ ಬಿಸಿಯಾಗಿ ವ್ಯರ್ಥವಾಗುತ್ತದೆ. ಒಂದು ವೋಲ್ಟು ತಾನೇ ಎಂದು ಉಪೇಕ್ಷಿಸುವಂತಿಲ್ಲ. ಏಕೆಂದರೆ ಹ್ಯಾಲೊಜನ್ ಬಲ್ಬಿನ ತಂತು ಕೊಡುವ ಬೆಳಕು ವೋಲ್ಟೇಜಿನ ಅನುಪಾತದಲ್ಲಿ ಇಳಿಯದೆ ಅದಕ್ಕಿಂತ ಬಹು ವೇಗವಾಗಿ ಇಳಿಯುವಂಥದು. ವೋಲ್ಟೇಜು ನೂರಕ್ಕೆ 10ರಷ್ಟು ಕುಗ್ಗಿದರೆ ಬೆಳಕು ನೂರಕ್ಕೆ ಸುಮಾರು 30ರಷ್ಟು ಕುಗ್ಗುತ್ತದೆ. 15ರಷ್ಟು ಕುಗ್ಗಿತೋ, ಬೆಳಕಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಮಾತ್ರವೇ ಮಿಗುತ್ತದೆ. ಕಾರ್ಖಾನೆಯಿಂದ ಬಂದ ದಿನ ಇದ್ದ ಬಲ್ಬೇ, ಅದೇ ಗಾಜೇ ಈಗಲೂ ಇದ್ದರೂ ರಸ್ತೆ ಏಕೆ ಕಾಣದೆಂಬ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಇಷ್ಟರಲ್ಲಿಯೇ ಅಡಗಿದೆ.

ಇದನ್ನು ಪರೀಕ್ಷಿಸಲು ಬೇಕಾದುದು ಸಾಧಾರಣ ಮಲ್ಟಿಮೀಟರ್ ಒಂದೇ. ಎಂಜಿನ್ನನ್ನು ಓಡಿಸಿ, ಮುಂದಣ ದೀಪಗಳನ್ನು ಹಚ್ಚಿ, ಬ್ಯಾಟರಿಯ ಎರಡು ಟರ್ಮಿನಲ್ಲುಗಳ ನಡುವೆ ಅಳೆದರೆ 13.8ರಿಂದ 14.4 ವೋಲ್ಟಿನವರೆಗೆ ತೋರಬೇಕು. ಅಷ್ಟು ತೋರದಿದ್ದಲ್ಲಿ ಮೊದಲು ವಿಚಾರಿಸಬೇಕಾದುದು ಆಲ್ಟರ್ನೇಟರನ್ನೂ ಅದರ ಬೆಲ್ಟನ್ನೂ. ಆಕ್ಸಿಲರೇಟರ್ ತುಳಿದಂತೆಲ್ಲ ದೀಪ ಪ್ರಜ್ವಲಿಸಿ, ಮೀಟರು 15 ವೋಲ್ಟನ್ನು ಮೀರಿದರೆ ರೆಗ್ಯುಲೇಟರ್ ಕೆಟ್ಟಿದೆಯೆಂದೇ ತಿಳಿಯತಕ್ಕದ್ದು. ಪದೇಪದೇ ಬಲ್ಬು ಸುಡುವ ಕಾರುಗಳಲ್ಲಿ ಹಲವಕ್ಕೆ ಇದೇ ರೋಗ. ಬ್ಯಾಟರಿಯಲ್ಲಿ ವೋಲ್ಟೇಜು ಸರಿಯಾಗಿದ್ದು ಬಲ್ಬಿನ ಬಳಿ ಕಡಮೆಯಾಗಿದ್ದರೆ ಮಾತ್ರ ನಡುವಣ ದಾರಿಯನ್ನು ಶೋಧಿಸತಕ್ಕದ್ದು.

ಹೀಗೆ ಶೋಧಿಸುವಾಗ ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಮರಳುವ ದಾರಿಯನ್ನು, ಎಂದರೆ ಮೆಕ್ಯಾನಿಕ್ಕುಗಳು ಅರ್ತ್ ಎಂದು ಹೇಳುವುದನ್ನು, ಬಹುಮಂದಿ ಮರೆಯುತ್ತಾರೆ. ಕಾರಿನ ಉಕ್ಕಿನ ಒಡಲೇ ಮರುದಾರಿಯಾಗಿರುವುದರಿಂದ, ದೀಪದ ಕಪ್ಪು ತಂತಿಯನ್ನು ಬಿಗಿದ ಒಂದು ಸ್ಕ್ರೂವಿನ ಬುಡದಲ್ಲಿ ತುಕ್ಕು ಹಿಡಿದರೂ, ಟಿಂಕರಿಂಗ್ ಆದ ಮೇಲೆ ಅಲ್ಲಿಗೆ ಬಣ್ಣ ಬಳಿದರೂ ಪ್ರವಾಹಕ್ಕೆ ಅಡ್ಡಿ ಬರುತ್ತದೆ. ಅಡ್ಡಿ ಬಂದ ಪ್ರವಾಹ ಸುಮ್ಮನೆ ನಿಲ್ಲದೆ ಬೇರೆ ದಾರಿ ಹಿಡಿಯುತ್ತದೆ. ಒಂದು ಕಡೆಯ ದೀಪ ಮಂಕಾಗಿ, ಅದರೊಳಗಿನ ಎರಡು ತಂತುಗಳೂ ಒಟ್ಟಿಗೆ ಕೆಂಪಗೆ ಮಿಣುಕಿ, ಡಿಮ್ಮಿನಲ್ಲಿರುವಾಗಲೂ ಡ್ಯಾಶ್‌ಬೋರ್ಡಿನ ನೀಲಿ ಸೂಚಕ ಸಣ್ಣಗೆ ಬೆಳಗಿತೆಂದರೆ, ಬಲ್ಬಿಗಾಗಿ ಅಂಗಡಿಗೆ ಓಡದೆ ಉಪ್ಪುಕಾಗದದಿಂದ ಆ ಸ್ಕ್ರೂವಿನ ಬುಡವನ್ನು ಉಜ್ಜಿ ಬಿಗಿಯುವುದು ಬುದ್ಧಿವಂತಿಕೆ.

ಸ್ವಿಚ್ಚಿನ ಸಮಸ್ಯೆ ಇನ್ನೊಂದು ಬಗೆಯದು. ಹಳೆಯ ಅನೇಕ ಕಾರುಗಳಲ್ಲಿ ದೀಪದ ಸಮಸ್ತ ಪ್ರವಾಹವೂ ಸ್ಟಿಯರಿಂಗ್ ಪಕ್ಕದ ಕಡ್ಡಿಯ ಮೂಲಕವೇ ಹರಿಯುವಂತೆ ಜೋಡಣೆಯಿದ್ದು, ಡಿಮ್ಮಿಗೂ ಬ್ರೈಟಿಗೂ ಸಾವಿರಾರು ಸಲ ಅತ್ತಿತ್ತ ಆಡಿದ ಆ ತುದಿಗಳು ಸವೆದು, ಕಪ್ಪಾಗಿ, ಬಿಸಿಯೇರಿ, ಸುತ್ತಣ ಪ್ಲಾಸ್ಟಿಕನ್ನೇ ಕರಗಿಸುತ್ತವೆ. ಇದಕ್ಕೆ ಎಲೆಕ್ಟ್ರಿಷಿಯನ್ನರು ಕಂಡುಕೊಂಡಿರುವ ಉಪಾಯ ರಿಲೇ: ಬ್ಯಾಟರಿಯಿಂದ ದಪ್ಪ ತಂತಿಯೊಂದನ್ನು ಫ್ಯೂಸಿನ ಮೂಲಕ ನೇರವಾಗಿ ದೀಪದ ಬಳಿಗೆ ತಂದು, ನಡುವೆ ರಿಲೇ ಕೂರಿಸಿದರೆ, ಸ್ವಿಚ್ಚು ಆ ರಿಲೇಯನ್ನು ಎಬ್ಬಿಸುವ ಅತ್ಯಲ್ಪ ಪ್ರವಾಹವನ್ನಷ್ಟೇ ಹೊತ್ತರೆ ಸಾಕಾಗುತ್ತದೆ. ಹಳೆಯ ಸೆಡಾನಿಗೆ ಮಾಡಿಸಬಹುದಾದ ಸುಧಾರಣೆಗಳಲ್ಲಿ ಇದಕ್ಕಿಂತ ಫಲಪ್ರದವಾದುದು ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಇದನ್ನು ಬಿಟ್ಟು ನಮ್ಮವರು ಮಾಡುವುದೇನೆಂದರೆ, 60/55 ವಾಟಿನ ಬಲ್ಬಿದ್ದ ಜಾಗದಲ್ಲಿ 100/90 ವಾಟಿನದನ್ನು ತುರುಕುವುದು. ಸೋತ ದಾರಿಯ ಮೇಲೆ ಇನ್ನಷ್ಟು ಭಾರ ಹೇರಿದಂತಾಗಿ, ಹೋಲ್ಡರು ಕರಗಿ, ಪ್ರತಿಫಲಕದ ಹೊಳಪು ಸುಟ್ಟು, ಎದುರು ಬರುವವನಿಗೆ ಕಣ್ಣು ಕತ್ತಲಿಟ್ಟು, ಅಷ್ಟಾದರೂ ತನಗೆ ದೊರೆಯಬೇಕಾದ ಬೆಳಕು ದೊರೆಯದೆ ಹೋಗುತ್ತದೆ. ಕಾನೂನಿಗೂ ಅದು ವಿರುದ್ಧ.

ಬಲ್ಬನ್ನೇ ಬದಲಿಸಬೇಕಾಗಿ ಬಂದಾಗ ಅದರ ಗಾಜನ್ನು ಬರಿಗೈಯಿಂದ ಮುಟ್ಟಬಾರದೆಂಬುದು ಮೂಢನಂಬಿಕೆಯಲ್ಲ. ಬೆರಳಿನ ಜಿಡ್ಡು ಅಂಟಿದ ಕಡೆ ಆ ಸ್ಫಟಿಕದ ಕವಚ ಅತಿಯಾಗಿ ಕಾದು, ಅಲ್ಲಿಯೇ ಶಿಥಿಲವಾಗುವುದರಿಂದ ಬಲ್ಬು ಅಕಾಲದಲ್ಲಿ ಒಡೆಯುವ ಸಂಭವವುಂಟು.

ಇನ್ನು ಮುಂಗಾಜಿನ ವಿಚಾರ. ಗಾಜಿನ ಕಾಲದ ದೀಪಗಳಿಗೆ ಕಲ್ಲೇಟು ಬಿದ್ದು ನೀರು ಒಳನುಗ್ಗುವ ಭಯವಿತ್ತು. ಅನಂತರ ಬಂದ ಪಾಲಿಕಾರ್ಬೊನೇಟ್ ಒಡೆಯುವುದಿಲ್ಲವಾದರೂ ಬಿಸಿಲಿನ ನೇರಳಾತೀತ ಕಿರಣಗಳಿಗೆ ಸಿಕ್ಕಿ, ಮೇಲಣ ರಕ್ಷಣೆಯ ಲೇಪನ ಕಳೆದುಕೊಂಡು, ಹಳದಿಯಾಗಿ, ಪೊರೆ ಬಂದಂತಾಗುತ್ತದೆ. ಟೂತ್‌ಪೇಸ್ಟು ತಿಕ್ಕಿ ಹೊಳಪಿಸುವ ರೂಢಿ ಅಲ್ಲಲ್ಲಿ ಇದೆ. ಹೊಳಪೇನೋ ಬರುತ್ತದೆ, ಆದರೆ ಕೆಲವು ವಾರಗಳ ಮಾತು. ನೀರು ಹಾಕಿಕೊಂಡು 800ರಿಂದ ತೊಡಗಿ 2000ದವರೆಗೆ ಹಂತಹಂತವಾಗಿ ನುಣುಪಾದ ಉಪ್ಪುಕಾಗದದಿಂದ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ನೇರಳಾತೀತ ಕಿರಣಗಳನ್ನು ತಡೆಯುವ ಲೇಪನವನ್ನು ಕೊಡದಿದ್ದರೆ ಹಳದಿ ಮತ್ತೆ ಮರಳುತ್ತದೆ. ಒಳಗಣ ಪ್ರತಿಫಲಕವನ್ನು ಮಾತ್ರ ಬಟ್ಟೆಯಿಂದ ಒರೆಸಲು ಹೋಗಬಾರದು. ಅದರ ಅಲ್ಯುಮಿನಿಯಮ್ ಪೊರೆ ಎಷ್ಟು ತೆಳುವೆಂದರೆ ಕೊಳೆಯ ಜೊತೆಗೆ ಕನ್ನಡಿಯೂ ಬಟ್ಟೆಗೆ ಬಂದುಬಿಡುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ಮುಂದಣ ದೀಪದ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲ ಇದ್ದಿತು. ಎದುರಿನವರ ಕಣ್ಣಿಗೆ ಚುಚ್ಚದಿರಲೆಂಬ ಸದುದ್ದೇಶ ಅದರ ಹಿಂದಿದ್ದರೂ, ಎಚ್4 ಜಾತಿಯ ಬಲ್ಬಿನಲ್ಲಿ ಡಿಮ್ ತಂತುವಿನ ಕೆಳಗೆ ಪುಟ್ಟ ಲೋಹದ ಬಟ್ಟಲೊಂದು ಇರುವುದರಿಂದ ಅದರ ಬೆಳಕು ಪ್ರತಿಫಲಕದ ಮೇಲರ್ಧಕ್ಕೆ ಮಾತ್ರ ಬಡಿದು, ಅಲ್ಲಿಂದ ಬಾಗಿ ರಸ್ತೆಯ ಕಡೆಗೆ ಇಳಿಯುತ್ತದೆ. ಆದಕಾರಣ ಮೇಲರ್ಧವನ್ನು ಮುಚ್ಚಿದವನು ಮುಖ್ಯವಾಗಿ ತನ್ನ ಡಿಮ್ ಬೆಳಕನ್ನೇ ಮುಚ್ಚಿಕೊಂಡನಲ್ಲದೆ ಬ್ರೈಟಿನ ಹಾವಳಿಯನ್ನು ಪೂರ್ಣವಾಗಿ ತಪ್ಪಿಸಲಿಲ್ಲ. ಅದೇ ಬಟ್ಟಲಿನ ಲೆಕ್ಕಾಚಾರವನ್ನು ಅರಿಯದೆ ಹ್ಯಾಲೊಜನ್ ದೀಪದ ಒಳಗೆ ಅಗ್ಗದ ಎಲ್‌ಇಡಿ ಬಲ್ಬನ್ನು ಸಿಕ್ಕಿಸುವುದು ಇಂದಿನ ಹುಚ್ಚು. ತಂತು ಇರಬೇಕಾದ ಜಾಗದಲ್ಲಿ ಬೆಳಕು ಹುಟ್ಟದೆ ಹೋದುದರಿಂದ ಬಿಳುಪು ಎಲ್ಲೆಲ್ಲಿಯೋ ಚೆಲ್ಲುತ್ತದೆ. ಆಗುಂಬೆಯ ಅಥವಾ ಚಾರ್ಮಾಡಿಯ ಮಳೆಗಾಲದ ಮಂಜಿನಲ್ಲಿ ಅದು ಕಣ್ಣೆದುರು ಬಿಳಿಯ ಗೋಡೆಯಾಗಿ ನಿಲ್ಲುತ್ತದೆ.

ದೀಪದ ದಿಕ್ಕೂ ವಯಸ್ಸಿನೊಂದಿಗೆ ಕೆಡುವಂಥದು. ಸೆಡಾನಿನ ಹಿಂದಣ ಸ್ಪ್ರಿಂಗುಗಳು ಕುಸಿದು, ಡಿಕ್ಕಿಯಲ್ಲಿ ಅಕ್ಕಿಮೂಟೆಯೋ ಮದುವೆಯ ಸಾಮಾನೋ ಸೇರಿದಾಗ ಮೂಗು ಮೇಲೇಳುತ್ತದೆ. ಒಂದು ಡಿಗ್ರಿಯಷ್ಟು ಎದ್ದರೂ 50 ಮೀಟರ್ ದೂರದಲ್ಲಿ ಬೆಳಕು ಸುಮಾರು 87 ಸೆಂಟಿಮೀಟರ್ ಮೇಲೇರಿ ಎದುರು ಬರುವವನ ಮುಖಕ್ಕೆ ಬೀಳುತ್ತದೆ. ಸಮತಟ್ಟಾದ ನೆಲದಲ್ಲಿ, ಟೈರುಗಳಿಗೆ ಗಾಳಿ ಸರಿಯಾಗಿ ತುಂಬಿ, ಗೋಡೆಯಿಂದ ಏಳೂವರೆ ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿದರೆ, ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಏಳೂವರೆ ಸೆಂಟಿಮೀಟರಿನಷ್ಟು ಕೆಳಗೆ ಬೀಳುವಂತೆ ಹಿಂಬದಿಯ ತಿರುಪುಗಳನ್ನು ಹೊಂದಿಸಿದರೆ ಸಾಮಾನ್ಯ ಬಳಕೆಗೆ ಸಾಕು. ಎಡಬದಿಯಲ್ಲಿ ಓಡಾಡುವ ನಮ್ಮ ರಸ್ತೆಗಳಿಗೆಂದು ಮಾಡಿದ ದೀಪದಲ್ಲಿ ಆ ಅಂಚು ಎಡಕ್ಕೆ ಸ್ವಲ್ಪ ಏರಿರುವುದು ದೋಷವಲ್ಲ. ಅಂಚಿನಲ್ಲಿ ನಡೆಯುವವರು ಕಾಣಲೆಂದೇ ಹಾಗೆ ಮಾಡಿದ್ದು.

ಬ್ರೇಕ್ ದೀಪವು ಇದಕ್ಕಿಂತ ಸರಳವಾದರೂ ಅದರ ಕೇಡು ಹೆಚ್ಚು ಭಯಂಕರವಾದುದು. ಏಕೆಂದರೆ ಮುಂದಣ ದೀಪ ಆರಿದರೆ ಚಾಲಕನಿಗೆ ಒಡನೆ ತಿಳಿಯುತ್ತದೆ, ಹಿಂದಣದು ಆರಿದರೆ ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ತಿಳಿಯುತ್ತದೆ. ರಾತ್ರಿ ಕಾರನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಪೆಡಲನ್ನು ಒತ್ತಿ, ಗೋಡೆಯ ಮೇಲೆ ಬೀಳುವ ಕೆಂಪನ್ನು ಕನ್ನಡಿಯಲ್ಲಿ ನೋಡುವುದಕ್ಕೆ ಇನ್ನೊಬ್ಬರ ನೆರವೂ ಬೇಕಿಲ್ಲ. ಆದರೂ ಇದನ್ನು ಮಾಡುವವರು ವಿರಳ.

ಎಡಬಲದ ದೀಪಗಳೂ ಹಿಂಗಾಜಿನ ಬಳಿಯ ಮೂರನೆಯದೂ ಒಟ್ಟಿಗೆ ಸತ್ತಿದ್ದರೆ ಫ್ಯೂಸು ಇಲ್ಲವೆ ಪೆಡಲಿನ ಮೇಲ್ಗಡೆಯ ಬ್ರೇಕ್ ಸ್ವಿಚ್ಚು. ಒಂದೇ ಸತ್ತಿದ್ದರೆ ಬಲ್ಬು ಇಲ್ಲವೆ ಹೋಲ್ಡರು. ಡಿಕ್ಕಿಯ ಮುಚ್ಚಳದ ಮೇಲಿನದು ಮಾತ್ರ ಕೆಲವೊಮ್ಮೆ ಉರಿದು ಕೆಲವೊಮ್ಮೆ ಆರುತ್ತಿದ್ದರೆ ಮುಚ್ಚಳದ ಕೀಲಿನ ಬಳಿ ಬಾಗಿ ಬಾಗಿ ತುಂಡಾದ ತಂತಿ ಎಂದು ಊಹಿಸಬಹುದು. ಈ ಕೊನೆಯದು ಸೆಡಾನಿಗೆ ವಿಶೇಷವಾದ ಬೇನೆ. ಮೇಲಣ ರಬ್ಬರು ಕೊಳವೆ ಹಾಗೆಯೇ ಇದ್ದು ಒಳಗಣ ತಾಮ್ರ ಮಾತ್ರ ಮುರಿದಿರುವುದರಿಂದ ಹೊರಗಿನಿಂದ ನೋಡಿದವರಿಗೆ ಏನೂ ತೋರದು. ಬೆಸುಗೆ ಹಾಕುವಾಗ ತಂತಿಗೆ ಸ್ವಲ್ಪ ಸಡಿಲು ಕೊಡದಿದ್ದರೆ ಮತ್ತೆ ಅಲ್ಲಿಯೇ ಮುರಿಯುತ್ತದೆ.

ಹಿಂದಣ ಬಲ್ಬುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವುದು ಎರಡು ತಂತುಗಳ 21/5 ವಾಟಿನದು: ಸಣ್ಣದು ಪಾರ್ಕ್ ದೀಪಕ್ಕೆ, ದೊಡ್ಡದು ಬ್ರೇಕಿಗೆ. ಅದರ ಬುಡದ ಎರಡು ಮೊಳೆಗಳು ಬೇರೆಬೇರೆ ಎತ್ತರದಲ್ಲಿರುವುದು ತಲೆಕೆಳಗಾಗಿ ಕೂರದಿರಲೆಂದು. ಹಾಗಿದ್ದರೂ ಬಲವಂತದಿಂದ ತಿರುವಿ ಕೂರಿಸುವ ಕೈಗಳುಂಟು. ಆಗ ಪಾರ್ಕ್ ದೀಪ ಝಗ್ಗನೆ ಉರಿದು, ಬ್ರೇಕ್ ಒತ್ತಿದರೂ ಹೊಳಪು ಹೆಚ್ಚಿದ್ದೇ ಕಾಣದೆ, ಹಿಂದಿನವನು ದಿಗ್ಭ್ರಾಂತನಾಗುತ್ತಾನೆ. ಒಂದೇ ತಂತುವಿನ ಬಲ್ಬನ್ನು ಈ ಹೋಲ್ಡರಿಗೆ ಹಾಕಿದರಂತೂ ಅದರ ತಳವು ಎರಡು ತುದಿಗಳನ್ನೂ ಬೆಸೆದು, ಬ್ರೇಕ್ ಒತ್ತಿದಾಗ ಡ್ಯಾಶ್‌ಬೋರ್ಡಿನ ದೀಪಗಳು ಬೆಳಗುವಂಥ ವಿನೋದಗಳು ನಡೆಯುತ್ತವೆ. ಇಂಡಿಕೇಟರಿನ ತಾಳಕ್ಕೆ ಬ್ರೇಕ್ ದೀಪ ಮಿಣುಕುವುದು ಮಾತ್ರ ಬಲ್ಬಿನ ತಪ್ಪಲ್ಲ. ಹಿಂದೆ ಹೇಳಿದ ಅರ್ತಿನ ಕಾಟವೇ ಇಲ್ಲಿಯೂ.

ಆರದೆ ಸದಾ ಉರಿಯುವ ಬ್ರೇಕ್ ದೀಪ ಇನ್ನೊಂದು ವೈಚಿತ್ರ್ಯ. ಪೆಡಲು ಮೇಲೆ ಬಂದಾಗ ಸ್ವಿಚ್ಚಿನ ಗುಂಡಿಯನ್ನು ಒಳಕ್ಕೆ ತಳ್ಳಿ ದೀಪವನ್ನು ಆರಿಸುವುದಕ್ಕೆ ಪೆಡಲಿನ ತೋಳಿನ ತೂತಿನಲ್ಲಿ ಪ್ಲಾಸ್ಟಿಕ್ಕಿನ ಅಥವಾ ರಬ್ಬರಿನ ಬಿಲ್ಲೆಯೊಂದನ್ನು ಕೂರಿಸಿರುತ್ತಾರೆ. ಜಪಾನೀ ಮತ್ತು ಕೊರಿಯಾದ ಎಷ್ಟೋ ಮಾದರಿಗಳಲ್ಲಿ ಈ ಅಲ್ಪಮೌಲ್ಯದ ಬಿಲ್ಲೆ ವರ್ಷಗಳ ಸೆಖೆಗೆ ಒಣಗಿ ಪುಡಿಯಾಗುತ್ತದೆ. ಗುಂಡಿ ತೂತಿನೊಳಗೆ ತೂರಿಕೊಂಡು, ದೀಪವು ಎಂಜಿನ್ನು ನಿಂತ ಮೇಲೂ ಉರಿದು, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುತ್ತದೆ. ಚಾಲಕನ ಕಾಲಬುಡದ ಮ್ಯಾಟಿನ ಮೇಲೆ ಗುರುತಿಲ್ಲದ ಪ್ಲಾಸ್ಟಿಕ್ ಚೂರುಗಳು ಕಂಡರೆ ಗುಡಿಸಿ ಎಸೆಯುವ ಮುನ್ನ ಹಿಂದಕ್ಕೆ ಹೋಗಿ ದೀಪವನ್ನು ನೋಡುವುದು ಲೇಸು. ಹೊಸ ಬಿಲ್ಲೆ ಸಿಗುವವರೆಗೆ ಆ ತೂತಿಗೆ ತಕ್ಕ ಬೋಲ್ಟೊಂದನ್ನು ನಟ್ಟು ಹಾಕಿ ಬಿಗಿದರೆ ಕೆಲಸ ಸಾಗುತ್ತದೆ. ಅದೂ ಆಗದೆ, ರಾತ್ರಿಯ ಮಟ್ಟಿಗೆ ಬ್ರೇಕ್ ದೀಪದ ಫ್ಯೂಸನ್ನು ತೆಗೆದಿಡುವವರು ಅದನ್ನು ಕಾರಿನ ಬೀಗದ ಕೈಯ ಜೊತೆಗೇ ಇರಿಸಿಕೊಳ್ಳತಕ್ಕದ್ದು. ಬೆಳಿಗ್ಗೆ ಅದನ್ನು ಮರಳಿ ಸಿಕ್ಕಿಸದೆ ಕಾರನ್ನು ರಸ್ತೆಗೆ ಇಳಿಸಕೂಡದು.