ಜ್ವರ, ಬಿಸಿನೀರು ಮತ್ತು ಮಿದುಳಿನ ತೂಬು

ಪಾವಗಡ, ಶಿರಾ ಕಡೆಯ ಹಳ್ಳಿಗಳಲ್ಲಿ ಮಗುವಿಗೆ ಜ್ವರ ಏರಿ ಕಣ್ಣು ಮೇಲಾಗಿ ಕೈಕಾಲು ಸೆಟೆದುಕೊಂಡರೆ ಎಷ್ಟೋ ಮನೆಗಳಲ್ಲಿ ಮೊದಲು ಹುಡುಕುವುದು ಬೀಗದ ಕೈಗೊಂಚಲನ್ನು. ಮಗುವಿನ ಮುಷ್ಟಿಗೆ ಕಬ್ಬಿಣ ತುರುಕುತ್ತಾರೆ, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಎರಡು ಮೂರು ನಿಮಿಷದಲ್ಲಿ ಸೆಳೆತ ನಿಲ್ಲುತ್ತದೆ. ನಿಂತದ್ದು ಕಬ್ಬಿಣದಿಂದಲ್ಲ. ಆರು ತಿಂಗಳಿಂದ ಐದು ವರ್ಷದ ಒಳಗಿನ ಮಕ್ಕಳಲ್ಲಿ ಕಾಣುವ ಜ್ವರದ ಫಿಟ್ಸ್ ಹೆಚ್ಚಾಗಿ ತಾನಾಗಿಯೇ ನಿಲ್ಲುತ್ತದೆ, ಬಹುಪಾಲು ಮಕ್ಕಳು ಬೆಳೆಯುತ್ತ ಅದರಿಂದ ಪಾರಾಗುತ್ತಾರೆ. ಆದರೆ ಕೆಲವು ಮನೆತನಗಳಲ್ಲಿ ಅದು ಅಜ್ಜಿಗೂ ಇತ್ತು, ಅಪ್ಪನಿಗೂ ಇತ್ತು. ಅಣ್ಣನಿಗೆ ದೊಡ್ಡವನಾದ ಮೇಲೂ, ಜ್ವರವಿಲ್ಲದೆಯೂ ಬರುತ್ತದೆ. ಇಂಥ ಮನೆತನಗಳನ್ನು ಬೆನ್ನುಹತ್ತಿದ ವಿಜ್ಞಾನಿಗಳಿಗೆ ಸಿಕ್ಕ ಜೀನ್‌ಗಳಲ್ಲಿ ಒಂದು ಜಿಎಬಿಆರ್‌ಜಿ2.

ನಮ್ಮ 5ನೇ ವರ್ಣತಂತುವಿನ ಉದ್ದನೆಯ ತೋಳಿನಲ್ಲಿ ಈ ಜೀನ್ ಇದೆ. ಅದು ಮಾಡಿಸುವ ಪ್ರೋಟೀನಿನ ಕೆಲಸ ತಿಳಿಯಬೇಕಾದರೆ ಗಾಬಾ ಎಂಬ ರಾಸಾಯನಿಕದಿಂದ ಶುರುಮಾಡಬೇಕು. 1950ರಲ್ಲಿ ಅಮೆರಿಕದ ಯುಜೀನ್ ರಾಬರ್ಟ್ಸ್ ಮಿದುಳಿನಲ್ಲಿ ಅದನ್ನು ಗುರುತಿಸಿದರು. ಒಂದು ನರಕೋಶ ಇನ್ನೊಂದನ್ನು ಕೆರಳಿಸುತ್ತಲೇ ಹೋದರೆ ಕೋಟ್ಯಂತರ ಕೋಶಗಳು ಒಟ್ಟಿಗೆ ಮಿಡಿಯತೊಡಗುತ್ತವೆ. ಮೂರ್ಛೆ ಎಂದರೆ ಅದೇ. ಹಾಗಾಗದಂತೆ ತಡೆಯುವ ರಾಸಾಯನಿಕಗಳಲ್ಲಿ ಮುಖ್ಯವಾದದ್ದು ಗಾಬಾ. ಅದು ನರಕೋಶದ ಮೇಲ್ಮೈಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಂಡ ಕೂಡಲೇ ಕ್ಲೋರೈಡ್ ಅಯಾನುಗಳು ಒಳಗೆ ಹರಿದು ಕೋಶ ತಣ್ಣಗಾಗುತ್ತದೆ.

ಆ ಗ್ರಾಹಕವನ್ನು ಕೆರೆಯ ತೂಬಿನಂತೆ ಊಹಿಸಿಕೊಳ್ಳಬಹುದು: ಸುತ್ತ ಐದು ಕಂಬ, ನಡುವೆ ಕಂಡಿ. ಮನುಷ್ಯರಲ್ಲಿ ಈ ಕಂಬಗಳನ್ನು ಕಡೆಯಬಲ್ಲ ಜೀನ್‌ಗಳು 19. ಮಿದುಳಿನಲ್ಲಿ ಹೆಚ್ಚಾಗಿ ಕಾಣುವ ತೂಬಿನಲ್ಲಿ ಎರಡು ಆಲ್ಫಾ, ಎರಡು ಬೀಟಾ, ಒಂದೇ ಒಂದು ಗ್ಯಾಮಾ. ಆ ಒಂಟಿ ಕಂಬ ಹೆಚ್ಚಾಗಿ ಗ್ಯಾಮಾ-2 ಆಗಿರುತ್ತದೆ, ಅದನ್ನು ಕೊಡುವುದು ನಮ್ಮ ಜೀನ್. ಗಾಬಾ ಬಂದು ಕೂರುವುದು ಆಲ್ಫಾ ಮತ್ತು ಬೀಟಾಗಳ ನಡುವೆ, ಗ್ಯಾಮಾ ಅದನ್ನು ಮುಟ್ಟುವುದೂ ಇಲ್ಲ. ಹಾಗೆಂದು ಅದು ಬರೀ ಭರ್ತಿಯ ಕಂಬವಲ್ಲ. ಎರಡು ನರಕೋಶಗಳು ಸಂಧಿಸುವ ಜಾಗದಲ್ಲಿ ಈ ತೂಬುಗಳು ಗುಂಪುಗೂಡಿ ನಿಲ್ಲಬೇಕಾದರೆ ಗ್ಯಾಮಾ-2 ಬೇಕೇ ಬೇಕು. ಅದು ಪೂರ್ತಿ ಇಲ್ಲದಂತೆ ಹುಟ್ಟಿಸಿದ ಇಲಿಗಳು ಹೆಚ್ಚು ದಿನ ಬದುಕಲಿಲ್ಲ.

2001ರಲ್ಲಿ ಒಂದು ಆಸ್ಟ್ರೇಲಿಯನ್ ಮನೆತನದಲ್ಲೂ ಒಂದು ಫ್ರೆಂಚ್ ಮನೆತನದಲ್ಲೂ ಈ ಜೀನಿನ ದೋಷಗಳು ಪತ್ತೆಯಾದವು. ಎರಡರಲ್ಲೂ ಕೆಟ್ಟಿದ್ದು ಪ್ರೋಟೀನ್ ಸರಪಳಿಯ ಒಂದೊಂದೇ ಕೊಂಡಿ, ಎರಡರಲ್ಲೂ ಜ್ವರದ ಫಿಟ್ಸ್ ಇತ್ತು. ತಂದೆಯಿಂದಲೋ ತಾಯಿಯಿಂದಲೋ ಒಂದು ಪ್ರತಿ ಕೆಟ್ಟು ಬಂದರೂ ಸಾಕು. ಇದನ್ನು ನಮ್ಮ ಕಡೆಯವರು ಗಮನವಿಟ್ಟು ಕೇಳಬೇಕು. ಮಗುವಿಗೆ ಮೂರ್ಛೆ ಬಂದರೆ ಸೊಸೆಯ ತವರಿನ ಕಡೆ ಬೆರಳು ತೋರಿಸುವುದು, ಸೋದರಮಾವನನ್ನು ಮದುವೆಯಾದದ್ದೇ ಕಾರಣ ಎನ್ನುವುದು ಇನ್ನೂ ನಿಂತಿಲ್ಲ. ಈ ಜೀನಿನ ಮಟ್ಟಿಗೆ ಎರಡೂ ಸುಳ್ಳು: 5ನೇ ವರ್ಣತಂತು ಗಂಡು ಹೆಣ್ಣಿನ ಭೇದ ಮಾಡುವುದಿಲ್ಲ, ರಕ್ತಸಂಬಂಧವನ್ನೂ ಕೇಳುವುದಿಲ್ಲ. ಜ್ವರದ ಫಿಟ್ಸ್‌ಗೆಲ್ಲ ಇದೇ ಜೀನ್ ಕಾರಣ ಎಂದೂ ಅಲ್ಲ. ಸೋಡಿಯಂ ಹರಿಸುವ ನಾಳಗಳ ಜೀನ್ ಕೆಟ್ಟ ಮನೆತನಗಳು ಇನ್ನೂ ಹೆಚ್ಚು.

ಹಾಗಾದರೆ ಜ್ವರವೇ ಏಕೆ ಬೇಕು? ಅಮೆರಿಕದ ಪ್ರಯೋಗಾಲಯವೊಂದು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ಉತ್ತರ ಕೊಟ್ಟಿತು, ಈ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೂ ಅದೇ. ದೋಷವಿರುವ ಗ್ಯಾಮಾ-2 ಸೇರಿದ ಗ್ರಾಹಕಗಳನ್ನು 37 ಡಿಗ್ರಿಯಿಂದ 40 ಡಿಗ್ರಿಗೆ ಬಿಸಿ ಮಾಡಿದಾಗ ಹತ್ತು ನಿಮಿಷದೊಳಗೇ ಅವು ಕೋಶದ ಮೇಲ್ಮೈಯಲ್ಲಿ ಕಡಿಮೆಯಾದವು. ದೋಷವಿಲ್ಲದವು ಅಷ್ಟೇ ಬಿಸಿಯಲ್ಲೂ ಜಾಗ ಬಿಡಲಿಲ್ಲ. ಇಂಥ ದೋಷವಿದ್ದರೆ ಮೂರೇ ಡಿಗ್ರಿಯಲ್ಲಿ ಮಿದುಳಿನ ತಡೆ ಸಡಿಲವಾಗಬಹುದು!

ಮಿದುಳಿಗೂ ಬಿಸಿಗೂ ಇರುವ ನಂಟಿನ ಮಾತು ಬಂದರೆ ಕರ್ನಾಟಕವನ್ನು ಬಿಟ್ಟು ಮುಂದೆ ಹೋಗಲಾಗದು. ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನಿಂದ ಒಂದೇ ಸಮನೆ ತಲೆಗೆ ಹುಯ್ದುಕೊಳ್ಳುವಾಗಲೇ ಕೆಲವರಿಗೆ ಮೂರ್ಛೆ ಬರುತ್ತದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಈ ಬಿಸಿನೀರಿನ ಮೂರ್ಛೆಯನ್ನು 1968ರಲ್ಲಿ ವರದಿ ಮಾಡಿದರು. ಮುಂದೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ 279 ರೋಗಿಗಳ ವಿವರವನ್ನು 1988ರಲ್ಲಿ ಪ್ರಕಟಿಸಿದರು. ಜಗತ್ತಿನಲ್ಲಿ ಈ ಕಾಯಿಲೆ ಹೆಚ್ಚಾಗಿ ವರದಿಯಾಗಿರುವುದು ದಕ್ಷಿಣ ಭಾರತದಿಂದ, ಅದರಲ್ಲೂ ನಮ್ಮ ರಾಜ್ಯದಿಂದ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ಜೊತೆ ಸೇರಿ ಇಂಥ ಮನೆತನಗಳ ಜೀನ್ ಹುಡುಕಿತು. 10 ಮತ್ತು 4ನೇ ವರ್ಣತಂತುಗಳಲ್ಲಿ ಸುಳಿವು ಸಿಕ್ಕ ಮೇಲೆ, 2017ರಲ್ಲಿ ಅವರು ಬೊಟ್ಟಿಟ್ಟು ತೋರಿಸಿದ್ದು ಎಸ್‌ಎಲ್‌ಸಿ1ಎ1 ಎಂಬ ಬೇರೊಂದು ಜೀನನ್ನು. ಅದರ ಪ್ರೋಟೀನು ಕೆರಳಿಸುವ ರಾಸಾಯನಿಕವಾದ ಗ್ಲುಟಮೇಟನ್ನು ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. ಗಾಬಾ ತಯಾರಾಗುವುದು ಅದೇ ಗ್ಲುಟಮೇಟಿನಿಂದ. ಜೀನ್ ಬೇರೆಯಾದರೂ ಕೆರಳಿಸುವುದನ್ನೂ ತಡೆಯುವುದನ್ನೂ ತೂಗುವ ತಕ್ಕಡಿ ಒಂದೇ.

ಚಿಕಿತ್ಸೆಯಲ್ಲಂತೂ ದಾರಿ ನೇರವಾಗಿ ಗ್ಯಾಮಾ-2ಕ್ಕೇ ಬರುತ್ತದೆ. ಡಯಾಜೆಪಾಮ್, ಕ್ಲೋಬಜಾಮ್ ಗುಂಪಿನ ಮಾತ್ರೆಗಳು ಕೂರುವುದು ಆಲ್ಫಾ ಮತ್ತು ಗ್ಯಾಮಾಗಳ ನಡುವಿನ ಸಂದಿನಲ್ಲಿ. ಗ್ಯಾಮಾ-2 ಇಲ್ಲದ ಗ್ರಾಹಕಕ್ಕೆ ಈ ಔಷಧಿ ನಾಟುವುದೇ ಇಲ್ಲವೆಂದು ಪ್ರಿಚೆಟ್, ಸೀಬರ್ಗ್ ಮುಂತಾದ ವಿಜ್ಞಾನಿಗಳು 1989ರಲ್ಲಿ ತೋರಿಸಿದ್ದರು. ಬಿಸಿನೀರಿನ ಮೂರ್ಛೆಯವರಿಗೆ ವೈದ್ಯರು ಮೊದಲು ಹೇಳುವುದು ನೀರಿನ ಬಿಸಿ ಇಳಿಸಲು. ಅದಕ್ಕೂ ಬಗ್ಗದಿದ್ದರೆ ತಲೆಗೆ ನೀರು ಹಾಕಿಕೊಳ್ಳುವ ಒಂದೂವರೆ, ಎರಡು ಗಂಟೆ ಮೊದಲು ಕ್ಲೋಬಜಾಮ್ ನುಂಗಲು ಹೇಳುತ್ತಾರೆ. ಬೇರೆ ಹೊತ್ತಿನಲ್ಲೂ ಮೂರ್ಛೆ ಬರುವವರನ್ನು ಬಿಟ್ಟರೆ ಉಳಿದವರಿಗೆ ದಿನಾ ಔಷಧಿ ಬೇಕಿಲ್ಲ. ಬಚ್ಚಲಿಗೆ ಹೆದರಿ ಹಬ್ಬದ ದಿನವೂ ತಲೆ ತೊಳೆಯದೆ ಕೂತಿದ್ದ ಹುಡುಗನಿಗೆ ಇದಕ್ಕಿಂತ ಹಿತವಾದ ಚಿಕಿತ್ಸೆ ನನಗೆ ತೋಚುವುದಿಲ್ಲ.

ಹಳ್ಳಿಗಳ ಕಷ್ಟ ಬೇರೆ ಕಡೆಯಿದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರದ ಲಕ್ಷಕ್ಕೂ ಹೆಚ್ಚು ಜನರ ನಡುವೆ ಡಾ. ಗೌರಿದೇವಿ ಅವರ ನಿಮ್ಹಾನ್ಸ್ ತಂಡ ನಡೆಸಿದ ಸಮೀಕ್ಷೆಯಲ್ಲಿ ಅಪಸ್ಮಾರ ನಗರದಲ್ಲಿ ಸಾವಿರಕ್ಕೆ 5.7 ಮಂದಿಗಿದ್ದರೆ ಹಳ್ಳಿಗಳಲ್ಲಿ 11.9 ಮಂದಿಗಿತ್ತು. ಔಷಧಿ ದುಬಾರಿಯೇನಲ್ಲ, ವೈದ್ಯರು ದೂರವಿರುವುದೇ ತೊಡಕು. ಡಾ. ಮಣಿ ಅವರು ಯಳಂದೂರು ತಾಲ್ಲೂಕಿನಲ್ಲಿ ಅಗ್ಗದ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಮಾತ್ರೆಗಳನ್ನೇ ಕೊಟ್ಟು ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿಕೊಟ್ಟರು. ಫಿನೋಬಾರ್ಬಿಟಾಲ್ ಕೂಡ ಇದೇ ಗಾಬಾ ಗ್ರಾಹಕದ ಮೇಲೇ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಗ್ಯಾಮಾ-2ರ ಹಂಗಿಲ್ಲ. ನಿಮ್ಹಾನ್ಸ್ ವೈದ್ಯರು ಮಧುಗಿರಿಯಂಥ ಊರುಗಳಿಗೇ ಬಂದು ಶಿಬಿರ ನಡೆಸಿದ್ದರ ಬೆಲೆ ಇಂಥಲ್ಲಿ ತಿಳಿಯುತ್ತದೆ.

ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಹತ್ತಿರ. ಸೆಳೆತ ಐದು ನಿಮಿಷ ಮೀರಿದರೆ ಅಷ್ಟು ದೂರ ಕಾಯುವಂತಿಲ್ಲ. ಹಿಂದೆ ಫಿಟ್ಸ್ ಬಂದ ಮಗುವಿರುವ ಮನೆಯಲ್ಲಿ ವೈದ್ಯರನ್ನು ಕೇಳಿ ಮೂಗಿಗೆ ಸಿಂಪಡಿಸುವ ಮಿಡಜೊಲಾಮ್ ಇಟ್ಟುಕೊಳ್ಳಬಹುದು. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ವೈದ್ಯರು ಹೇಳಿದಷ್ಟನ್ನು ಮೂಗಿಗೆ ಹೊಡೆದರೆ ಕೆಲವೇ ನಿಮಿಷಗಳಲ್ಲಿ ಅದು ರಕ್ತದ ಮೂಲಕ ಮಿದುಳು ಸೇರಿ, ಆಲ್ಫಾ ಮತ್ತು ಗ್ಯಾಮಾ-2ರ ನಡುವಿನ ಅದೇ ಸಂದಿನಲ್ಲಿ ಕೂತು, ಕ್ಲೋರೈಡಿನ ಕಂಡಿ ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತದೆ.