ಹಳೆಯ ದೋಣಿಗಳೆರಡರಲ್ಲಿ ಯಾವುದು?

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ 1952ರಲ್ಲಿ ಆಂಬ್ರೋಸ್ ವೀರೆಸ್ ಎಂಬ ಕೃಷಿಕರು ಉಕ್ಕಿನ ಪೀಪಾಯಿಗಳ ಎರಡು ಸಾಲುಗಳ ಮೇಲೆ ಮರದ ಅಟ್ಟಣೆಯನ್ನಿರಿಸಿ ಪಾಂಟೂನ್ ದೋಣಿಯನ್ನು ನಿರ್ಮಿಸಿದರು. ಅಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಸರೋವರ ವಿಹಾರಕ್ಕೆಂದು ಹಳೆಯದೊಂದನ್ನು ಕೊಳ್ಳಬಯಸಿದಾಗ, ಅಳತೆಯಲ್ಲೂ ಬೆಲೆಯಲ್ಲೂ ಸಮನಾದ ಎರಡು ಎದುರಾದರೆ, ಆಸನಗಳ ಥಳಕಿಗೆ ಮರುಳಾಗಬಾರದು. ಹೊದಿಕೆಯನ್ನು ಸುಲಭವಾಗಿ ಬದಲಿಸಬಹುದು; ಕೊಳೆತ ನೆಲಹಲಗೆಯನ್ನು ಬದಲಿಸಲು ಕಟಾಂಜನ, ಆಸನಗಳನ್ನೆಲ್ಲ ಕಳಚಬೇಕು. ಹಾಸಿನ ಮೇಲೆ ಬರಿಗಾಲಿನಲ್ಲಿ ನಡೆದು ನೋಡಿರಿ, ಎಲ್ಲಿಯೂ ಮೆತ್ತಗೆ ಕುಸಿಯಬಾರದು. ಬಳಿಕ ಕೆಲವು ತಾಸು ನೀರಿನಲ್ಲಿ ಬರಿದಾಗಿ ನಿಲ್ಲಿಸಿರಿ. ಒಂದು ಮಗ್ಗುಲು ತಗ್ಗುತ್ತ ಬಂದರೆ ಅಲ್ಯೂಮಿನಿಯಂ ಕೊಳವೆಯೊಳಗೆ ನೀರು ಸೇರುತ್ತಿದೆಯೆಂದೇ ತಿಳಿಯಬೇಕು. ಮಾರುವವರು ಇದಕ್ಕೆ ಹಿಂಜರಿದರೆ, ಬೆಲೆ ಎಷ್ಟೇ ಇಳಿದರೂ, ಆ ದೋಣಿ ಬೇಡ. ಜೀವರಕ್ಷಕ ಅಂಗಿಗಳು ಮಕ್ಕಳ ಅಳತೆಯವೇ ಇರಲಿ; ದೊಡ್ಡವರದು ಮಗುವಿನ ತಲೆಯಿಂದ ಜಾರಿಹೋಗುತ್ತದೆ.